ಲೆಕ್ಕ ಕೊಟ್ಟು ಬನ್ನಿ ಸ್ವಾಮೀ

ಈ ನಾಡಿನಲ್ಲಿ ರಾಜೀನಾಮೆ ಅನ್ನೋದು ಒಂದು ಹಬ್ಬ. ಹಗರಣ ಹೊರಗೆ ಬೀಳುತ್ತದೆ. ಮೊದಲ ದಿನ ನಾಯಕರು 'ಯಾವ ಕಾರಣಕ್ಕೂ ಕುರ್ಚಿ ಬಿಡೋದಿಲ್ಲ' ಅಂತಾರೆ. ಎರಡನೆ ದಿನ ಮಠಕ್ಕೆ ಹೋಗಿ ಅಡ್ಡ ಬೀಳುತ್ತಾರೆ. ಮೂರನೆ ದಿನ 'ಪಕ್ಷದ ಹಿತಕ್ಕಾಗಿ, ನೈತಿಕ ಹೊಣೆ ಹೊತ್ತು' ಬಿಟ್ಟೆ ಅಂತ ರಾಜಭವನಕ್ಕೆ ಕಾರುಗಳ ಮೆರವಣಿಗೆ ಹೊರಡುತ್ತದೆ. ಅವರ ಊರಿನಲ್ಲಿ ಬಸ್ಸಿಗೆ ಕಲ್ಲು, ರಸ್ತೆಗೆ ಟೈರು, ಅಂಗಡಿಗೆ ಬಾಗಿಲು. ಸಂಜೆ ಹೊತ್ತಿಗೆ ಕಳೆದುಕೊಂಡವರು ನಾವಲ್ಲ, ಅವರೇ ಅನ್ನೋ ಹಂಗೆ ಕಣ್ಣೀರು. ಒಂದೂವರೆ ವರ್ಷ ಕಳೆಯಲಿ, ಅದೇ ಮುಖ ಕೈ ಮುಗಿದುಕೊಂಡು ನಮ್ಮ ಕೇರಿಯ ಬಾಯಿಗೆ ಕಟ್ಟಿದ ಫ್ಲೆಕ್ಸಿನಲ್ಲಿ ನಗುತ್ತಿರುತ್ತದೆ.

ಹಗರಣದಲ್ಲಿ ರಾಜೀನಾಮೆ ಕೊಟ್ಟ ರಾಜಕಾರಣಿ ಮತ್ತೆ ಚುನಾವಣೆಗೆ ನಿಲ್ಲಬಹುದೇ, ನಿಲ್ಲಬಾರದೇ? ಪಟ್ಟಣದ ಪತ್ರಿಕೆಗಳು ಈ ಪ್ರಶ್ನೆಯನ್ನು ಕಾಫಿಯ ಜೊತೆ ಕೇಳುತ್ತವೆ. ನೈತಿಕತೆ, ಮೌಲ್ಯ, ಪರಂಪರೆ ಅಂತ ನಾಲ್ಕು ಮಾತಾಡಿ ಮಡಚಿ ಇಡುತ್ತವೆ. ಅವರು ಕುರ್ಚಿಯ ಬಗ್ಗೆ ಮಾತಾಡುತ್ತಾರೆ, ಗಂಟಿನ ಬಗ್ಗೆ ಮಾತಾಡೋದಿಲ್ಲ. ಬಿಟ್ಟದ್ದು ಕುರ್ಚಿ. ಗಂಟು ಎಲ್ಲಿ? ಆ ಗಂಟು ಯಾರದು? ಈ ಪ್ರಶ್ನೆಯನ್ನು ನಾವು, ಕೇರಿಯವರು, ಕೇಳಬೇಕು. ಯಾಕೆಂದರೆ ಸರ್ಕಾರದ ಬೊಕ್ಕಸ ಬರಿದಾದರೆ ಮೊದಲು ಆರುವುದು ಹಾಸ್ಟೆಲ್ಲಿನ ಒಲೆ. ಬಂಗಲೆಯ ದೀಪ ಆರಿದ್ದನ್ನು ಯಾರೂ ನೋಡಿಲ್ಲ.

ಮೊದಲು ಕಾನೂನು ನೋಡೋಣ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 8ನೇ ಸೆಕ್ಷನ್ನಿನ ಪ್ರಕಾರ ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆ ಆದವನು ಶಿಕ್ಷೆಯ ಕಾಲದಲ್ಲೂ, ಬಿಡುಗಡೆಯಾಗಿ ಆರು ವರ್ಷದವರೆಗೂ ನಿಲ್ಲುವಂತಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಯ ಅಪರಾಧಕ್ಕೆ ಬರೀ ದಂಡ ಬಿದ್ದರೂ ಸಾಕು, ಅನರ್ಹ. ಆದರೆ ಶಿಕ್ಷೆ ಆಗಬೇಕು. ಆರೋಪ, ತನಿಖೆ, ಚಾರ್ಜ್‌ಶೀಟು, ಜೈಲು, ಇವು ಯಾವುವೂ ಅಡ್ಡಿಯಲ್ಲ. ರಾಜೀನಾಮೆ ಅಂತೂ ಕಾನೂನಿನ ಕಣ್ಣಿಗೆ ಬೀಳೋದೇ ಇಲ್ಲ. ಅದು ಶಿಕ್ಷೆಯಲ್ಲ, ರಜಾ ಅರ್ಜಿ.

ಇದೇ ಕಾಯ್ದೆಯ 62ನೇ ಸೆಕ್ಷನ್ನು ಓದಿ. ಮುಂಜಾಗ್ರತಾ ಬಂಧನದವರನ್ನು ಬಿಟ್ಟರೆ ಜೈಲಿನಲ್ಲಿರುವ ಯಾವನೂ ವೋಟು ಹಾಕುವಂತಿಲ್ಲ. ತಪ್ಪು ಸಾಬೀತಾದವನು ಮಾತ್ರ ಅಲ್ಲ, ವಿಚಾರಣೆಗೆ ಕಾಯುತ್ತ ಕುಳಿತವನೂ ಹಾಕುವಂತಿಲ್ಲ. ವೋಟು ಹಾಕಲಾರದವನು ಚುನಾವಣೆಗೂ ನಿಲ್ಲಲಾರ ಅಂತ 2013ರ ಜುಲೈ 10ರಂದು ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷ, ಕೆಲವೇ ತಿಂಗಳಲ್ಲಿ, ಪಾರ್ಲಿಮೆಂಟು ತಿದ್ದುಪಡಿ ತಂದು ಆ ತೀರ್ಪನ್ನು ದಾಟಿತು. ಬಜೆಟ್ಟಿಗೆ ಕಿತ್ತಾಡುವ ಪಕ್ಷಗಳು ಇದಕ್ಕೆ ಮಾತ್ರ ಒಂದಾದವು. ಈಗ ಸ್ಥಿತಿ ಏನು? ಕುರಿ ಕದ್ದ ಆರೋಪದಲ್ಲಿ ಜಾಮೀನಿಗೆ ದುಡ್ಡಿಲ್ಲದೆ ಒಳಗಿರುವ ನಮ್ಮ ಹುಡುಗ ವೋಟು ಹಾಕುವಂತಿಲ್ಲ. ಪಕ್ಕದ ಬ್ಯಾರಕ್ಕಿನಲ್ಲಿ ಕೋಟಿಗಳ ಆರೋಪ ಹೊತ್ತ ಧಣಿ ಅಲ್ಲಿಂದಲೇ ನಾಮಪತ್ರ ಸಲ್ಲಿಸಬಹುದು. 2022ರ ಕೇಂದ್ರ ಸರ್ಕಾರದ ಲೆಕ್ಕದಲ್ಲೇ ದೇಶದ ಜೈಲುಗಳಲ್ಲಿದ್ದವರಲ್ಲಿ ನೂರಕ್ಕೆ 75 ಜನ ವಿಚಾರಣಾಧೀನರು. ಅವರಲ್ಲಿ ದಲಿತರ ಪಾಲು ದೇಶದ ಜನಸಂಖ್ಯೆಯಲ್ಲಿ ನಮಗಿರುವ ಪಾಲಿಗಿಂತ ಹೆಚ್ಚು. ಸಾಬೀತಾಗುವವರೆಗೆ ಎಲ್ಲರೂ ನಿರ್ದೋಷಿಗಳು ಅನ್ನುವ ಧರ್ಮಸೂತ್ರ ಯಾರ ಮನೆಯ ಬಾಗಿಲವರೆಗೆ ಬಂದು ನಿಲ್ಲುತ್ತದೆ ಅಂತ ಗೊತ್ತಾಯಿತಲ್ಲ.

ಹಾಗಾದರೆ ರಾಜೀನಾಮೆ ಕೊಟ್ಟವರೆಲ್ಲ ಮನೆಗೆ ಹೋಗಲಿ ಅಂತ ನಾನು ಹೇಳುತ್ತೇನೆಯೇ? ಇಲ್ಲ. ದಲಿತ ಚಳವಳಿಯ ಚರಿತ್ರೆ ಓದಿದ ಯಾವನೂ ಹಾಗೆ ಹೇಳಲಾರ.

1973ರ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಮಂತ್ರಿಯಾಗಿದ್ದವರು, ಮನುಷ್ಯನ ತಲೆಯ ಮೇಲೆ ಮನುಷ್ಯನ ಮಲ ಹೊರಿಸುವ ಪದ್ಧತಿಯನ್ನು ನಿಲ್ಲಿಸಲು ಹೊರಟವರು. ಮಲ ಹೊರುತ್ತಿದ್ದ ದಿನಗಳಲ್ಲಿ ಯಾರಿಗೂ ನಾರದ ಮೂಗು ಬೂಸಾ ಅಂದ ಕೂಡಲೆ ಅರಳಿತು. ಬೆಂಗಳೂರು, ಮೈಸೂರುಗಳಲ್ಲಿ ಗಲಭೆ. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ. ಕೊನೆಗೆ ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ಒಂದು ಕಾಸು ಕದ್ದಿರಲಿಲ್ಲ. ಒಂದು ಸೈಟು ಮಗನ ಹೆಸರಿಗೆ ಬರೆದಿರಲಿಲ್ಲ. ಆಡಿದ್ದು ಒಂದು ಶಬ್ದ. ಆ ಶಬ್ದದ ಬೆಂಕಿಯಿಂದಲೇ ದಲಿತ ಸಂಘರ್ಷ ಸಮಿತಿಯ ಕೆಂಡ ಹುಟ್ಟಿತು, ನಮ್ಮಂಥವರ ಕೈಗೆ ಪೆನ್ನು ಬಂತು. ರಾಜೀನಾಮೆ ಕೊಟ್ಟವನು ಮತ್ತೆ ನಿಲ್ಲಬಾರದು ಅನ್ನುವ ಕಟ್ಟಳೆ ಆಗ ಇದ್ದಿದ್ದರೆ ಬಸವಲಿಂಗಪ್ಪ ಅಲ್ಲಿಗೆ ಮುಗಿಯುತ್ತಿದ್ದರು. ಅವರು ಮುಂದೆ ಚುನಾವಣೆಗೆ ನಿಂತರು, ಗೆದ್ದರು, ಮತ್ತೆ ಮಂತ್ರಿಯಾದರು. ಸರಿಯಾಗೇ ಮಾಡಿದರು.

ಅದಕ್ಕೂ ಮುಂಚೆ ಬಾಬಾಸಾಹೇಬರು. 1951ರ ಸೆಪ್ಟೆಂಬರಿನಲ್ಲಿ ನೆಹರೂ ಮಂತ್ರಿಮಂಡಲಕ್ಕೆ ರಾಜೀನಾಮೆ ಕೊಟ್ಟರು. ಹಿಂದೂ ಕೋಡ್ ಬಿಲ್ಲನ್ನು ಕೊಂದರು, ಅಸ್ಪೃಶ್ಯರನ್ನು ಮರೆತರು, ಹಿಂದುಳಿದವರಿಗೆ ಆಯೋಗ ಮಾಡಲಿಲ್ಲ ಅಂತ ಕಾರಣಗಳನ್ನು ಒಂದೊಂದಾಗಿ ಬರೆದಿಟ್ಟರು. ಹೇಳಿಕೆಯ ಪ್ರತಿ ಮೊದಲೇ ಕೊಡಬೇಕು ಅಂತ ಸದನದಲ್ಲಿ ತಗಾದೆ ತೆಗೆದಾಗ ಓದದೆ ಹೊರಗೆ ನಡೆದು ಪತ್ರಿಕೆಗಳಿಗೆ ಕೊಟ್ಟರು. ಅದು ರಾಜೀನಾಮೆ. ಬಿಟ್ಟವನೇ ಲೆಕ್ಕ ಕೇಳಿದ ರಾಜೀನಾಮೆ. ಲಾಲ್ ಬಹಾದುರ್ ಶಾಸ್ತ್ರಿಯವರು 1956ರ ನವೆಂಬರಿನಲ್ಲಿ ಅರಿಯಲೂರಿನ ರೈಲು ದುರಂತಕ್ಕೆ ತಾವೇ ಹೊಣೆ ಅಂತ ರೈಲ್ವೆ ಖಾತೆ ಬಿಟ್ಟರು. ರೈಲು ಓಡಿಸಿದವರು ಅವರಲ್ಲ, ಹಳಿ ಕಿತ್ತವರೂ ಅವರಲ್ಲ. 1957ರಲ್ಲಿ ಅಲಹಾಬಾದಿನಿಂದ ನಿಂತು ಗೆದ್ದರು. ಯಾರೂ ತಕರಾರು ತೆಗೆಯಲಿಲ್ಲ, ತೆಗೆಯಬೇಕಾಗಿಯೂ ಇರಲಿಲ್ಲ.

ಆದ್ದರಿಂದ ಗೆಳೆಯರೇ, ರಾಜೀನಾಮೆ ಅನ್ನೋ ಒಂದೇ ಅಂಗಿಯೊಳಗೆ ಬೇರೆ ಬೇರೆ ಮೈಗಳಿವೆ. ಸತ್ಯ ಹೇಳಿದ್ದಕ್ಕೆ ಓಡಿಸಿದ ಮೈ ಒಂದು. ಅನ್ಯಾಯ ಸಹಿಸದೆ ಎದ್ದು ಹೋದ ಮೈ ಒಂದು. ಹೊಣೆ ಹೊತ್ತ ಮೈ ಒಂದು. ಜನರ ದುಡ್ಡಿಗೆ ಲೆಕ್ಕ ಕೊಡಲಾರದೆ ಜಾರಿಕೊಂಡ ಮೈ ಇನ್ನೊಂದು. ಈ ನಾಲ್ಕನೆಯದು ಮೊದಲ ಮೂರರ ಅಂಗಿ ತೊಟ್ಟುಕೊಂಡು 'ನಾನೂ ತ್ಯಾಗ ಮಾಡಿದೆ' ಅಂತ ಕೇರಿಗೆ ಬರುತ್ತದಲ್ಲ, ಅದರ ಅಂಗಿ ಬಿಚ್ಚುವುದು ನಮ್ಮ ಕೆಲಸ.

2011ಕ್ಕೆ ಬನ್ನಿ. ಜುಲೈ ಕೊನೆಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಬಳ್ಳಾರಿಯ ಕೆಂಪು ಮಣ್ಣು ರಾತ್ರೋರಾತ್ರಿ ಬಂದರಿಗೆ ಹೋಗಿ ಹಡಗು ಹತ್ತಿದ ಕಥೆ ಅದು. ರಾಜ್ಯಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಅಂತ ಅಂದಾಜು ಮಾಡಿತ್ತು. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ಹೆಸರು ಅದರಲ್ಲಿತ್ತು. ಜುಲೈ 31ರಂದು ಅವರು ರಾಜೀನಾಮೆ ಕೊಟ್ಟರು. ಅಕ್ಟೋಬರಿನಲ್ಲಿ ಇನ್ನೊಂದು ಪ್ರಕರಣದಲ್ಲಿ ಜೈಲಿಗೆ ಹೋಗಿ ಬಂದರು. 2012ರಲ್ಲಿ ಸುಪ್ರೀಂ ಕೋರ್ಟು ಸಿಬಿಐ ತನಿಖೆಗೆ ಹೇಳಿತು. ತನಿಖೆ ನಡೆಯುತ್ತಿರುವಾಗಲೇ ಹೊಸ ಪಕ್ಷ ಕಟ್ಟಿ 2013ರಲ್ಲಿ ಶಿಕಾರಿಪುರದಿಂದ ಗೆದ್ದರು. 2014ರಲ್ಲಿ ಹಳೇ ಪಕ್ಷಕ್ಕೆ ಮರಳಿ ಶಿವಮೊಗ್ಗದಿಂದ ಮೂರೂವರೆ ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಪಾರ್ಲಿಮೆಂಟಿಗೆ ಹೋದರು. 2016ರ ಅಕ್ಟೋಬರಿನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರು ನಿರ್ದೋಷಿ ಅಂದಿತು. 2019ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು.

ನ್ಯಾಯಾಲಯ ನಿರ್ದೋಷಿ ಅಂದಮೇಲೆ ನಿರ್ದೋಷಿ. ಆ ತೀರ್ಪಿನ ಮೇಲೆ ನನ್ನ ತಕರಾರಿಲ್ಲ. ನನ್ನ ತಕರಾರು ತಾರೀಖಿನ ಮೇಲೆ. 2013ರಲ್ಲಿ ಆ ತೀರ್ಪು ಎಲ್ಲಿತ್ತು? 2014ರಲ್ಲಿ ಎಲ್ಲಿತ್ತು? ಲೆಕ್ಕ ಚುಕ್ತಾ ಆಗುವ ಮುಂಚೆ ಮತ ಕೇಳಲು ಬಂದರಲ್ಲ, ಅದು ತಪ್ಪು. 2016ರವರೆಗೆ ತಡೆದಿದ್ದರೆ ತೀರ್ಪಿನ ಕಾಗದ ಕೈಯಲ್ಲಿ ಹಿಡಿದು ತಲೆಯೆತ್ತಿ ಬರಬಹುದಿತ್ತು. ಆಗ 'ನೋಡಿ, ಲೆಕ್ಕ ಕೊಟ್ಟಿದ್ದೇನೆ' ಅನ್ನುತ್ತಿದ್ದರು. 2013ರಲ್ಲಿ ಅವರು ಅಂದದ್ದು 'ನೋಡಿ, ನನ್ನ ಜಾತಿ ನನ್ನ ಹಿಂದಿದೆ' ಅಂತ.

ಅದೇ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿ ನಿಲ್ಲಿಸಿತು. ಅದಿರು ಹೊಡೆಯುತ್ತಿದ್ದ, ಜರಡಿ ಹಿಡಿಯುತ್ತಿದ್ದ, ಲಾರಿ ತುಂಬುತ್ತಿದ್ದ ಕೂಲಿಗಳ ಕೆಲಸ ಹೋಯಿತು. ಕೆಮ್ಮು ಮಾತ್ರ ಉಳಿಯಿತು. ಅವರಿಗೆ ಯಾವ ಪಕ್ಷ ಟಿಕೆಟ್ಟು ಕೊಟ್ಟಿತು? ಗಣಿ ಲೂಟಿಯ ವಿರುದ್ಧ 2010ರಲ್ಲಿ ಬೆಂಗಳೂರಿಂದ ಬಳ್ಳಾರಿಗೆ ಪಾದಯಾತ್ರೆ ಮಾಡಿದ ಕಾಂಗ್ರೆಸ್ಸು 2013ರಲ್ಲಿ ಅಧಿಕಾರಕ್ಕೆ ಬಂತು. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಅಂತ ಬೇರೆ ಕಟ್ಟಿ ಲೋಕಾಯುಕ್ತದ ಹಲ್ಲು ಕಿತ್ತಿತು. ಆ ದಳವನ್ನು 2022ರ ಆಗಸ್ಟಿನಲ್ಲಿ ಹೈಕೋರ್ಟು ರದ್ದು ಮಾಡಬೇಕಾಯಿತು. ಕಾವಲು ನಾಯಿಯನ್ನು ಕಟ್ಟಿ ಹಾಕೋ ವಿಷಯದಲ್ಲಿ ಕೇಸರಿಗೂ ಮೂರು ಬಣ್ಣಕ್ಕೂ ಜಗಳವಿಲ್ಲ.

ಇದು ಇವತ್ತು ನಿನ್ನೆಯ ರೋಗವೂ ಅಲ್ಲ. ಜೀವವಿಮಾ ನಿಗಮದ ದುಡ್ಡನ್ನು ಮುಂದ್ರಾ ಎಂಬ ವ್ಯಾಪಾರಿಯ ಕಂಪನಿಗಳಿಗೆ ಸುರಿದ ಹಗರಣದಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ 1958ರಲ್ಲಿ ರಾಜೀನಾಮೆ ಕೊಟ್ಟರು. 1962ರಲ್ಲಿ ಮತ್ತೆ ಸಂಸದ, ಮತ್ತೆ ಮಂತ್ರಿ. ನಮ್ಮಲ್ಲಿ ಮೌಲ್ಯಾಧಾರಿತ ರಾಜಕಾರಣ ಅಂತ ಹೆಸರಾದ ರಾಮಕೃಷ್ಣ ಹೆಗಡೆಯವರು 1986ರಲ್ಲಿ ಸಾರಾಯಿ ಬಾಟ್ಲಿಂಗ್ ವಿಚಾರದಲ್ಲಿ ಹೈಕೋರ್ಟಿನ ಟೀಕೆಗೆ ರಾಜೀನಾಮೆ ಕೊಟ್ಟು, ಮೂರು ದಿನಕ್ಕೆ ವಾಪಸು ಬಂದು ಕುಳಿತರು. ಕೇರಿಯ ಗಂಡಸರ ಕರುಳು ಸುಟ್ಟ ಸಾರಾಯಿಯದು ಮೂರು ದಿನದ ನೈತಿಕತೆ.

ಬಿಹಾರದ ಮೇವು ಹಗರಣ ಯಾರಿಗೆ ಗೊತ್ತಿಲ್ಲ? ಲಾಲು ಪ್ರಸಾದರು 1997ರಲ್ಲಿ ಬಿಟ್ಟರು, ಹೆಂಡತಿ ರಾಬ್ಡಿ ದೇವಿ ಬಂದು ಕುಳಿತರು. 2013ರಲ್ಲಿ ಶಿಕ್ಷೆಯಾಗಿ ಸಂಸತ್ ಸ್ಥಾನ ಹೋಯಿತು. ಮೇವು ಅಂದರೆ ಈಗಲೂ ಪಟ್ಟಣದವರ ಕಣ್ಣಿಗೆ ಬರುವುದು ಆ ಒಂದು ಮುಖ. ಅದೇ ದಿನ, ಅದೇ ಪ್ರಕರಣದಲ್ಲಿ ಅಪರಾಧಿ ಅನ್ನಿಸಿಕೊಂಡ ಇನ್ನೊಬ್ಬ ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರರ ಮುಖ ಎಷ್ಟು ಜನಕ್ಕೆ ನೆನಪಿದೆ? ದನಕಾಯುವವನ ಮಗ ಮೇವು ತಿಂದ ಅಂತ ನಗುವ ಬಾಯಿ ಮಿಶ್ರರ ಹೆಸರು ಬಂದರೆ ಮುಚ್ಚಿಕೊಳ್ಳುತ್ತದೆ. ಲಾಲು ಮಾಡಿದ್ದನ್ನು ನಾನು ಸಮರ್ಥಿಸುತ್ತಿಲ್ಲ. ತಕ್ಕಡಿ ಹಿಡಿದವನ ಬೆರಳನ್ನೂ ನೋಡಿ ಅಂತ ಹೇಳುತ್ತಿದ್ದೇನೆ.

ಈಗ ಅವರ ದೊಡ್ಡ ಮಂತ್ರಕ್ಕೆ ಬರುತ್ತೇನೆ. 'ಜನತಾ ನ್ಯಾಯಾಲಯ.' ಸಿಕ್ಕಿಬಿದ್ದವರೆಲ್ಲ ಪಠಿಸುವ ಮಂತ್ರ ಇದು. 'ಜನತಾ ನ್ಯಾಯಾಲಯಕ್ಕೆ ಹೋಗ್ತೀನಿ, ಜನ ತೀರ್ಪು ಕೊಡ್ತಾರೆ.' ಎಂಥ ನ್ಯಾಯಾಲಯ ಸ್ವಾಮಿ ಇದು? ಇಲ್ಲಿ ಆರೋಪಿಯೇ ನ್ಯಾಯಾಧೀಶನಿಗೆ ಸೀರೆ ಹಂಚುತ್ತಾನೆ. ಆರೋಪಿಯೇ ನ್ಯಾಯಾಧೀಶನ ಜಾತಿ ಪಟ್ಟಿ ಇಟ್ಟುಕೊಂಡಿರುತ್ತಾನೆ. ಕಾಗದಪತ್ರ ಆರೋಪಿಯ ಬೀರುವಿನಲ್ಲಿರುತ್ತವೆ. ಸಾಕ್ಷಿ ಹೇಳಿದವನು ವರ್ಗಾವಣೆಯಾಗಿರುತ್ತಾನೆ. ಮತ ಅನ್ನೋದು ಮುಂದಿನ ಐದು ವರ್ಷ ಯಾರು ಆಳಬೇಕು ಅನ್ನುವ ಮಾತು. ಹಿಂದಿನ ಐದು ವರ್ಷ ಯಾರು ಕದ್ದರು ಅನ್ನುವುದಕ್ಕೆ ಅದು ತೀರ್ಪಲ್ಲ.

ಗೆದ್ದವನು ಶುದ್ಧ ಅನ್ನುವುದಾದರೆ ಸೋತವನು ಕಳಂಕಿತ ಅನ್ನಬೇಕಾಗುತ್ತದೆ. ಹಾಗಾದರೆ ಬಾಬಾಸಾಹೇಬರಿಗೆ ಏನಂತೀರಿ? ರಾಜೀನಾಮೆ ಕೊಟ್ಟ ಕೆಲವೇ ತಿಂಗಳಲ್ಲಿ, 1952ರ ಮೊದಲ ಚುನಾವಣೆಯಲ್ಲಿ, ಉತ್ತರ ಬೊಂಬಾಯಿಯ ಮೀಸಲು ಸ್ಥಾನಕ್ಕೆ ನಿಂತರು. ಕಾಂಗ್ರೆಸ್ಸಿನ ಕಾಜ್ರೋಳ್ಕರ್ ಎದುರು ಸುಮಾರು 15 ಸಾವಿರ ಮತಗಳಿಂದ ಸೋತರು. 1954ರಲ್ಲಿ ಭಂಡಾರದ ಉಪಚುನಾವಣೆಯಲ್ಲೂ ಸೋತರು. ಈ ದೇಶದ ಕಟ್ಟಕಡೆಯ ಮನುಷ್ಯನ ಕೈಗೆ ವೋಟು ಕೊಟ್ಟ ಸಂವಿಧಾನವನ್ನು ರೂಪಿಸಿದವನನ್ನೇ ಆ ವೋಟು ಎರಡು ಸಲ ಸೋಲಿಸಿತು. ಅವರು ಆ ವೋಟನ್ನು ಬೈಯಲಿಲ್ಲ, ವೋಟಿನಿಂದ ತಮಗೆ ಪ್ರಮಾಣಪತ್ರವನ್ನೂ ಕೇಳಲಿಲ್ಲ. ಚುನಾವಣೆ ಸೋತ ಅಂಬೇಡ್ಕರ್ ಕಳಂಕಿತರಲ್ಲದಿದ್ದರೆ ಚುನಾವಣೆ ಗೆದ್ದ ಮಾತ್ರಕ್ಕೆ ಯಾವ ಕಳಂಕಿತನೂ ಶುದ್ಧನಾಗೋದಿಲ್ಲ. ಗಂಗೆಯಲ್ಲಿ ಮುಳುಗಿದರೆ ಪಾಪ ತೊಳೆಯುತ್ತದೆ ಅಂತ ಪುರೋಹಿತ ಹೇಳಿದ್ದನ್ನು ನಾವು ನಂಬಲಿಲ್ಲ. ಮತಪೆಟ್ಟಿಗೆಯಲ್ಲಿ ಮುಳುಗಿದರೆ ತೊಳೆಯುತ್ತದೆ ಅಂತ ಈ ಹೊಸ ಪುರೋಹಿತರು ಹೇಳುವುದನ್ನು ಯಾಕೆ ನಂಬಬೇಕು?

ಅವರಾದರೂ ಈ ನ್ಯಾಯಾಲಯವನ್ನು ನಂಬುತ್ತಾರೆಯೇ? ನೋಡಿ. 2012ರ ಫೆಬ್ರವರಿಯಲ್ಲಿ, ಸದನ ನಡೆಯುತ್ತಿರುವಾಗ ಮೊಬೈಲಿನಲ್ಲಿ ಅಶ್ಲೀಲ ಚಿತ್ರ ನೋಡಿದ ಆರೋಪದಲ್ಲಿ ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟರು. ಅವರಲ್ಲಿ ಲಕ್ಷ್ಮಣ ಸವದಿ 2013ರಲ್ಲಿ ಅಥಣಿಯಿಂದ ಗೆದ್ದರು, 2018ರಲ್ಲಿ ಸೋತರು. ಜನತಾ ನ್ಯಾಯಾಲಯ ಮನೆಗೆ ಕಳಿಸಿತು. ಆದರೆ 2019ರ ಆಗಸ್ಟಿನಲ್ಲಿ, ಎರಡೂ ಸದನಗಳ ಸದಸ್ಯರಲ್ಲದೆ ಇದ್ದಾಗಲೇ, ಅವರು ಉಪಮುಖ್ಯಮಂತ್ರಿ. ಅದೇ 2019ರಲ್ಲಿ ಶಾಸಕ ಸ್ಥಾನಕ್ಕೆ ರಾಜೀನಾಮೆ ಎಸೆದು ಸರ್ಕಾರ ಉರುಳಿಸಿದವರನ್ನು ಸ್ಪೀಕರ್ ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆ ಸರಿ, ಆದರೆ ಮತ್ತೆ ನಿಲ್ಲಬಹುದು ಅಂದಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಹೊಸ ಪಕ್ಷದ ಟಿಕೆಟ್ಟು ಹಿಡಿದು ನಿಂತ 13 ಜನರಲ್ಲಿ 11 ಜನ ಗೆದ್ದರು. 'ನೋಡಿದಿರಾ, ಜನತಾ ನ್ಯಾಯಾಲಯ!' ಅಂದರು. ಸರಿ, ಸೋತ ಇಬ್ಬರು? ಎಂ.ಟಿ.ಬಿ. ನಾಗರಾಜು, ಎಚ್. ವಿಶ್ವನಾಥ್ ಇಬ್ಬರೂ 2020ರಲ್ಲಿ ವಿಧಾನ ಪರಿಷತ್ತಿನ ಹಿಂಬಾಗಿಲಿನಿಂದ ಒಳಗೆ ಬಂದರು. ಒಬ್ಬರು ಮಂತ್ರಿಯೂ ಆದರು. ಇನ್ನೊಬ್ಬರು ಮಂತ್ರಿಯಾಗದಂತೆ ಹೈಕೋರ್ಟು ತಡೆಯಬೇಕಾಯಿತು. ಬಿಡುಗಡೆ ಮಾಡಿದರೆ ಮಾತ್ರ ಇದು ನ್ಯಾಯಾಲಯ. ಶಿಕ್ಷೆ ಕೊಟ್ಟರೆ ಹಿಂಬಾಗಿಲು.

'ಏನು ಮಾಡೋದ್ರೀ, ನಿಮ್ಮ ಜನ ಐನೂರು ರೂಪಾಯಿಗೆ ವೋಟು ಮಾರ್ಕೊಳ್ತಾರೆ' ಅಂತ ಹೇಳುವವರೂ ಇದ್ದಾರೆ. ಸುಶಿಕ್ಷಿತರು. ಅವರಿಗೆ ಒಂದು ಮಾತು. ನಮ್ಮ ಹಳ್ಳಿಗಳಲ್ಲಿ ಮತ ಎಣಿಸೋದು ಮತಗಟ್ಟೆವಾರು. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಅಂತ ಸಂಜೆಗೆ ಊರಿಗೆಲ್ಲ ಗೊತ್ತು. ಕೇರಿಯ ಬೂತಿನಲ್ಲಿ ಧಣಿಗೆ ಬೀಳದಿದ್ದರೆ ಮಾರನೆ ದಿನ ಕೂಲಿ ಇಲ್ಲ, ಹೊಲದ ದಾರಿ ಇಲ್ಲ, ಕೊಳಾಯಿ ನೀರಿಲ್ಲ. ಹಲವು ಬೂತುಗಳ ಮತ ಬೆರೆಸಿ ಎಣಿಸೋ ಯಂತ್ರ ಕೊಡಿ ಅಂತ ಚುನಾವಣಾ ಆಯೋಗ 2008ರಲ್ಲೇ ಕೇಳಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಅಂತ ಸುಶಿಕ್ಷಿತರು ಸ್ವಲ್ಪ ಯೋಚನೆ ಮಾಡಲಿ. ಐನೂರು ರೂಪಾಯಿ ಕೊಟ್ಟವನನ್ನು ಬಿಟ್ಟು ತೆಗೆದುಕೊಂಡವಳನ್ನು ಹಿಡಿಯುವ ಪೊಲೀಸುಗಿರಿ ಸಾಕು.

ನಮ್ಮ ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನಮ್ಮ ತಾತ ಇನ್ನೂರು ರೂಪಾಯಿ ಸಾಲಕ್ಕೆ ಹದಿನಾಲ್ಕು ವರ್ಷ ಜೀತವಿದ್ದ. ಲೆಕ್ಕದ ಪುಸ್ತಕ ಒಡೆಯನ ಹತ್ತಿರ ಇತ್ತು. ತಾತ ದುಡಿದದ್ದು ಅದರಲ್ಲಿ ಏರಲಿಲ್ಲ, ಸಾಲ ಮಾತ್ರ ಏರುತ್ತ ಹೋಯಿತು. 1976ರಲ್ಲಿ ಜೀತ ರದ್ದಾಗುವವರೆಗೆ ಆ ಪುಸ್ತಕದ ಒಳಗೆ ಏನಿದೆ ಅಂತ ಅವನಿಗೆ ಗೊತ್ತಾಗಲಿಲ್ಲ. ನಮ್ಮ ಕೇರಿಯ ಇನ್ನೊಬ್ಬಾಕೆ ಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಅಕ್ಕಿ ಎರಡು ಸೇರು ಕಮ್ಮಿ ಬಂತು ಅಂತ ಒಂದೇ ಮಾತಿನಲ್ಲಿ ತೆಗೆದು ಹಾಕಿದರು. ಅಕ್ಕಿ ಮೂಟೆ ಮೂಟೆಯಾಗಿ ಯಾವ ದಾರಿ ಹಿಡಿಯುತ್ತಿತ್ತು ಅಂತ ಹಾಸ್ಟೆಲ್ಲಿನ ಇಲಿಗೂ ಗೊತ್ತಿತ್ತು. ಆಯಮ್ಮ ಮತ್ತೆ ಕೆಲಸಕ್ಕೆ ನಿಲ್ಲಬಹುದೇ ಅಂತ ಯಾರೂ ಸಂಪಾದಕೀಯ ಬರೆಯಲಿಲ್ಲ. ಅವಳಿಗೆ ಯಾವ ಜನತಾ ನ್ಯಾಯಾಲಯ? ಗ್ರಾಮ ಪಂಚಾಯಿತಿ ಅಧ್ಯಕ್ಷೆಯನ್ನು ದುರ್ನಡತೆಯ ಆರೋಪದ ಮೇಲೆ ಕೋರ್ಟಿನ ಶಿಕ್ಷೆ ಇಲ್ಲದೆಯೇ ಸರ್ಕಾರ ತೆಗೆದುಹಾಕಬಹುದು, ಪಂಚಾಯತ್‌ರಾಜ್ ಕಾಯ್ದೆಯಲ್ಲಿ ಅವಕಾಶವಿದೆ. ಕೆಳಗೆ ಇಳಿದಷ್ಟೂ ಕಾನೂನು ಹರಿತ. ಮೇಲೆ ಹೋದಷ್ಟೂ ಮೊಂಡು. ಇದು ಕಾನೂನಿನ ಜಾತಿ.

ಇಲ್ಲಿಯವರೆಗೆ ಓದಿ ತಲೆ ಆಡಿಸಿದ ನಮ್ಮ ಗೆಳೆಯರಿಗೆ ಈಗ ಕಹಿ ಮಾತು ಹೇಳಬೇಕು. 2024ರ ಮೇ ತಿಂಗಳಲ್ಲಿ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಲೆಕ್ಕಪತ್ರ ವಿಭಾಗದ ನೌಕರರೊಬ್ಬರು ಪತ್ರ ಬರೆದಿಟ್ಟು ಪ್ರಾಣ ಬಿಟ್ಟರು. ನಿಗಮದ 187 ಕೋಟಿ ರೂಪಾಯಿ ಬೇರೆ ಖಾತೆಗೆ ಹೋದ ಕಥೆ, ಅದರಲ್ಲಿ 80 ಕೋಟಿಗೂ ಹೆಚ್ಚು ಹಣ ಗೊತ್ತುಗುರಿಯಿಲ್ಲದ ಖಾತೆಗಳಿಗೆ ಹರಿದ ಕಥೆ ಹೊರಗೆ ಬಂತು. ಜೂನ್ 6ರಂದು ಮಂತ್ರಿ ಬಿ. ನಾಗೇಂದ್ರ ರಾಜೀನಾಮೆ ಕೊಟ್ಟರು. ಜುಲೈನಲ್ಲಿ ಜಾರಿ ನಿರ್ದೇಶನಾಲಯ ಬಂಧಿಸಿತು, ಅಕ್ಟೋಬರಿನಲ್ಲಿ ಜಾಮೀನಾಯಿತು. ಆರೋಪ ಸಾಬೀತಾದ ಮಾತಲ್ಲ, ನ್ಯಾಯಾಲಯ ಹೇಳುವವರೆಗೆ ಅವರು ಅಪರಾಧಿಯೂ ಅಲ್ಲ. ಆದರೆ ಆ ದುಡ್ಡು ಯಾರದು? ಬೇಡರ ಹಟ್ಟಿಯ ಹುಡುಗನ ಕೊಳವೆಬಾವಿಯದು, ಬುಡಕಟ್ಟಿನ ಹೆಣ್ಣುಮಗಳ ಹೊಲಿಗೆ ಯಂತ್ರದ್ದು. ಇಲ್ಲಿ ಮಂತ್ರಿಯೂ ಪರಿಶಿಷ್ಟ ಪಂಗಡದವರೇ. 'ನಮ್ಮವನು ಅಂತ ಟಾರ್ಗೆಟ್ ಮಾಡ್ತಿದಾರೆ' ಅನ್ನುವ ಮಾತು ಇಂಥ ಹೊತ್ತಿನಲ್ಲಿ ಏಳುತ್ತದೆ. ಬಸವಲಿಂಗಪ್ಪನವರ ಹೆಸರನ್ನೂ ಎಳೆದು ತರುತ್ತಾರೆ.

ತರಬೇಡಿ. ಬಸವಲಿಂಗಪ್ಪನವರನ್ನು ಕೆಳಗಿಳಿಸಿದ್ದು ಬಾಯಿಗೆ. ಇಲ್ಲಿ ಪ್ರಶ್ನೆ ಇರುವುದು ಖಾತೆಗೆ. ಮೇಲ್ಜಾತಿಯವನ ಹಗರಣಕ್ಕೆ ಒಂದು ಪತ್ರಿಕೆ, ನಮ್ಮವನ ಹಗರಣಕ್ಕೆ ಹತ್ತು ಪತ್ರಿಕೆ ಕೂಗುತ್ತವೆ ಅನ್ನೋದು ನಿಜ. ಅದನ್ನು ಎದುರಿಸೋಣ. ಆದರೆ ಅದರ ಉತ್ತರ ನಮ್ಮವನಿಗೆ ಲೆಕ್ಕ ಮಾಫಿ ಮಾಡುವುದಲ್ಲ, ಅವರ ಹತ್ತಿರವೂ ಅಷ್ಟೇ ಜೋರಾಗಿ ಲೆಕ್ಕ ಕೇಳುವುದು. ಹಸಿದ ತಟ್ಟೆಗೆ ಕೈ ಹಾಕಿದವನು ಸ್ವಂತ ಅಣ್ಣನಾದರೂ ಕೈ ಹಿಡಿಯಬೇಕು. ಜಾತಿಯ ಹೆಸರಿನಲ್ಲಿ ಕಳ್ಳತನ ಮುಚ್ಚುವ ವಿದ್ಯೆ ಮೇಲಿನವರದು. ಅದನ್ನೂ ನಾವು ಕಲಿತರೆ ನಮ್ಮ ಬಂಡಾಯ ಯಾತಕ್ಕೆ?

ಹಾಗಾದರೆ ಏನು ಮಾಡಬೇಕು? ಕೇಸು ಬಿದ್ದ ಕೂಡಲೆ ನಿಲ್ಲಬಾರದು ಅನ್ನುವ ಕಾನೂನು ತನ್ನಿ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪೋದಿಲ್ಲ. ಹಳ್ಳಿಯಲ್ಲಿ ಕೇಸು ಹಾಕುವುದು ಯಾರ ಕೈಯಲ್ಲಿದೆ ಅಂತ ನಮಗೆ ಗೊತ್ತು. ಭೂಮಿ ಕೇಳಿದವನ ಮೇಲೆ ಕೇಸು, ದೇವಸ್ಥಾನಕ್ಕೆ ಹೋದವನ ಮೇಲೆ ಕೇಸು, ಧರಣಿ ಕುಳಿತವನ ಮೇಲೆ ಕೇಸು. ಅಂಥ ಕಾನೂನು ಬಂದರೆ ಮೊದಲು ಚುನಾವಣೆಯಿಂದ ಹೊರಗೆ ಬೀಳೋರು ಹೋರಾಟಗಾರರು. ನಿಲ್ಲುವ ಹಕ್ಕು ಎಲ್ಲರದು. ಅದು ಬಾಬಾಸಾಹೇಬರು ಗೆದ್ದು ಕೊಟ್ಟ ಹಕ್ಕು, ಕೀಳಲು ಬಿಡಬಾರದು. ಆದರೆ ಹಕ್ಕು ಇರೋದು ಬೇರೆ, ಯೋಗ್ಯತೆ ಇರೋದು ಬೇರೆ. ಟಿಕೆಟ್ಟು ಯಾರ ಹಕ್ಕೂ ಅಲ್ಲ. ನಮ್ಮ ಮತ ಯಾರಪ್ಪನ ಆಸ್ತಿಯೂ ಅಲ್ಲ.

ಆದ್ದರಿಂದ ನಮ್ಮ ಮಾತು ಇಷ್ಟು. ಜನರ ದುಡ್ಡಿನ ಮೇಲೆ ಕುಳಿತಿದ್ದವನು, ತನಿಖೆಯ ಕೈ ತನ್ನ ಕಡೆ ತೋರಿಸಿದಾಗ ಕುರ್ಚಿ ಬಿಟ್ಟವನು, ಆ ಲೆಕ್ಕ ತೀರುವವರೆಗೆ ಮತ ಕೇಳಲು ಬರಬಾರದು. ನ್ಯಾಯಾಲಯ ಬಿಟ್ಟರೆ ಬರಲಿ, ಹಾರ ಹಾಕುವವರು ಹಾಕಲಿ. ಕೋರ್ಟು ನಿಧಾನ, ನಿರ್ದೋಷಿಗೆ ಅನ್ಯಾಯವಾಗುತ್ತದೆ ಅನ್ನುತ್ತೀರಾ? ಹಾಗಾದರೆ ಕೋರ್ಟನ್ನು ಬೇಗ ಓಡಿಸಿ. ಶಾಸನ ಮಾಡುವವರು ನೀವೇ ಅಲ್ಲವೇ? ತನಿಖೆಗೆ, ಮೊಕದ್ದಮೆಗೆ ಅನುಮತಿ ಕೊಡದೆ ಫೈಲಿನ ಮೇಲೆ ಕುಳಿತುಕೊಳ್ಳುವವರೂ ನೀವೇ ಅಲ್ಲವೇ? ನಮ್ಮ ಹುಡುಗರು ಜೈಲಿನ ಕಂಬಿ ಎಣಿಸುತ್ತ ಕಾಯುತ್ತಾರೆ. ನೀವು ನಿಮ್ಮ ಬಂಗಲೆಯ ಜಗಲಿಯಲ್ಲಿ ಒಂದು ಚುನಾವಣೆ ಕಾಯಲಾರಿರಾ? ಕ್ರಿಮಿನಲ್ ಪ್ರಕರಣ ಇರುವವನಿಗೆ ಯಾಕೆ ಟಿಕೆಟ್ಟು ಕೊಟ್ಟೆವು ಅಂತ ಪಕ್ಷಗಳು ಕಾರಣ ಪ್ರಕಟಿಸಬೇಕು, 'ಗೆಲ್ಲುತ್ತಾನೆ' ಅನ್ನುವುದೊಂದೇ ಕಾರಣವಾಗಬಾರದು ಅಂತ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ಕಾರಣದ ಕಾಗದವನ್ನು ಕೇರಿಯ ಜಗಲಿಗೆ ತಂದು ಗಟ್ಟಿಯಾಗಿ ಓದಿಸಬೇಕು. ಓದಲು ಬಂದ ನಮ್ಮ ಹುಡುಗರು, ಹುಡುಗಿಯರು ಪ್ರತಿ ಊರಲ್ಲೂ ಈಗ ಇದ್ದಾರೆ. ನಾಮಪತ್ರದ ಜೊತೆಗಿನ ಪ್ರಮಾಣಪತ್ರದಲ್ಲಿ ಪ್ರಕರಣ ಎಷ್ಟು, ಆಸ್ತಿ ಎಷ್ಟು, ಕಳೆದ ಸಲಕ್ಕಿಂತ ಎಷ್ಟು ಪಟ್ಟು ಅಂತ ಗೋಡೆಯ ಮೇಲೆ ಬರೆಯಿರಿ. ಜೈಕಾರದ ಪೋಸ್ಟರಿನ ಪಕ್ಕದಲ್ಲೇ ಬರೆಯಿರಿ.

ಒಡೆಯನ ಹತ್ತಿರ ಇದ್ದ ಪುಸ್ತಕ ಈಗ ನಮಗೂ ಓದಲು ಬರುತ್ತದೆ. ಈ ಮೂರು ತಲೆಮಾರಿನಲ್ಲಿ ನಾವು ಗಳಿಸಿದ ಆಸ್ತಿ ಅಷ್ಟೇ. ಅದನ್ನು ಬಳಸೋಣ. ಮುಂದಿನ ಚುನಾವಣೆಗೆ ಅವರು ಬಂದೇ ಬರುತ್ತಾರೆ, ಸೀರೆ ತರುತ್ತಾರೆ, ಜಾತಿ ತರುತ್ತಾರೆ, ಕಣ್ಣೀರು ತರುತ್ತಾರೆ. ಹೊಡೆಯಬೇಡಿ, ಬೈಯಬೇಡಿ, ಕುಳಿತುಕೊಳ್ಳಲು ಚಾಪೆ ಹಾಕಿ. ನೀರು ಕೊಡಿ, ನಮ್ಮ ಲೋಟದಲ್ಲೇ ಕೊಡಿ, ಕುಡಿಯುತ್ತಾರಾ ನೋಡಿ. ಆಮೇಲೆ ಒಂದೇ ಮಾತು ಕೇಳಿ.

ಲೆಕ್ಕ ಎಲ್ಲಿ ಸ್ವಾಮೀ?